ಹೊರಗಿನ ವಕೀಲರ ಒಳಗಿನ ಕೆಲಸ



ನೀವು ಮನೆ ಕಟ್ಟಲೆಂದೋ ತೋಟ ಕೊಳ್ಳಲೆಂದೋ ಬ್ಯಾಂಕಿನಿಂದ ಸಾಲ ಪಡೆದವರಾದರೆ ಒಂದು ಸಂಗತಿ ನೆನಪಿರಬಹುದು. ಅರ್ಜಿ ಕೊಟ್ಟ ಮೇಲೆ ನಿಮ್ಮ ದಸ್ತಾವೇಜುಗಳ ಕಟ್ಟು ಒಂದೆರಡು ವಾರ ನಿಮ್ಮ ಪೆಟ್ಟಿಗೆಯಲ್ಲೂ ಇರುವುದಿಲ್ಲ, ಮ್ಯಾನೇಜರರ ಮೇಜಿನ ಮೇಲೂ ಇರುವುದಿಲ್ಲ. ಕೇಳಿದರೆ "ಲೀಗಲ್‌ಗೆ ಹೋಗಿದೆ" ಎಂಬ ಉತ್ತರ ಬರುತ್ತದೆ. ಈ ಲೀಗಲ್ ಎಂಬುದು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುವ ತಣ್ಣನೆಯ ದೊಡ್ಡ ಕಚೇರಿ ಎಂದು ನೀವು ಭಾವಿಸಿದ್ದರೆ ಅದು ಅರ್ಧ ಮಾತ್ರ ನಿಜ. ಹೆಚ್ಚಿನ ಸಲ ಆ ಕಟ್ಟು ಇರುವುದು ನಿಮ್ಮದೇ ತಾಲೂಕಿನ ಕೋರ್ಟಿನ ಎದುರು ಸಾಲಿನಲ್ಲಿ, ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ, ಒಬ್ಬ ವಕೀಲರ ಮುಂದೆ. ಅವರು ಬ್ಯಾಂಕಿನ ನೌಕರರಲ್ಲ. ಬ್ಯಾಂಕಿನಿಂದ ಅವರಿಗೆ ಸಂಬಳವಿಲ್ಲ, ಪಿಂಚಣಿಯಿಲ್ಲ. ಆದರೆ ಬ್ಯಾಂಕಿನ ಕಾನೂನು ವಿಭಾಗ ಕಣ್ಣಿಟ್ಟು ನೋಡುವುದು ಅವರ ಕಣ್ಣಿನಿಂದಲೇ.

ಕಂಪನಿಗಳ ಒಳಗಿನ ಕಾನೂನು ವಿಭಾಗಕ್ಕೆ ಹೊರಗಿನಿಂದ ಹೆಗಲು ಕೊಡುವ ಇಂಥ ವಕೀಲರನ್ನು ಯಾರು ಗುರುತಿಸುತ್ತಾರೆ, ಹೇಗೆ ಗುರುತಿಸಬೇಕು ಎಂಬುದು ಇಂದಿನ ಮಾತಿನ ವಿಷಯ. ಇದು ದೊಡ್ಡವರ ಸಮಾಚಾರ, ನಮಗೇಕೆ ಎಂದು ರೇಡಿಯೋ ತಿರುಗಿಸಬೇಡಿ. ಗಡಿನಾಡಿನ ಕನ್ನಡಿಗರಿಗೆ ಇದರಲ್ಲಿ ನೇರವಾದ ಪಾಲು ಉಂಟು.

ಮೊದಲು ಒಂದು ಪ್ರಶ್ನೆ. ಬ್ಯಾಂಕು, ವಿಮಾ ಕಂಪನಿ, ಸಕ್ಕರೆ ಕಾರ್ಖಾನೆ, ಹೊಸೂರಿನ ವಾಹನ ಕಾರ್ಖಾನೆ, ಎಲ್ಲಕ್ಕೂ ಸಂಬಳದ ಕಾನೂನು ಅಧಿಕಾರಿಗಳಿರುತ್ತಾರೆ. ಅವರೂ ಕಾನೂನು ಓದಿದವರೇ, ಕೆಲವರು ಹತ್ತಾರು ವರ್ಷ ಕಪ್ಪು ಕೋಟು ತೊಟ್ಟವರೇ. ಹಾಗಿದ್ದ ಮೇಲೆ ಹೊರಗಿನವರು ಏಕೆ ಬೇಕು?

ಉತ್ತರ ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿಯಲ್ಲಿದೆ. ಅದರ 49ನೆಯ ನಿಯಮದ ಪ್ರಕಾರ ವಕೀಲಿ ವೃತ್ತಿ ನಡೆಸುವವನು ಯಾವ ವ್ಯಕ್ತಿಯ, ಸರಕಾರದ ಅಥವಾ ಸಂಸ್ಥೆಯ ಪೂರ್ಣಕಾಲದ ಸಂಬಳದ ನೌಕರನಾಗಿರಕೂಡದು. ನೌಕರಿಗೆ ಸೇರಿದ ದಿನವೇ ಪರಿಷತ್ತಿಗೆ ತಿಳಿಸಿ ವೃತ್ತಿಯನ್ನು ನಿಲ್ಲಿಸಬೇಕು. ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರು, ತಾವು ಮಂಡಳಿಯ ಪರವಾಗಿ ಕೋರ್ಟಿನ ಕೆಲಸವನ್ನೇ ಮಾಡುತ್ತಿರುವಾಗ ಸನ್ನದು ಏಕೆ ಬೇಡ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದರು. 2001ರಲ್ಲಿ ಕೋರ್ಟು ಒಪ್ಪಲಿಲ್ಲ. ಸಂಬಳ ಕೊಡುವ ಧಣಿಯೊಬ್ಬನಿರುವಾಗ ವಕೀಲನಿಗಿರಬೇಕಾದ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂಬುದು ಆ ನಿಯಮದ ಹಿಂದಿನ ತರ್ಕ. ಹೀಗಾಗಿ ಕಂಪನಿಯ ಕಾನೂನು ಅಧಿಕಾರಿ ಎಷ್ಟೇ ಪ್ರಚಂಡನಿರಲಿ, ತನ್ನ ಕಂಪನಿಯ ಪರವಾಗಿ ವಕೀಲನಾಗಿ ಎದ್ದು ನಿಂತು ವಾದಿಸುವಂತಿಲ್ಲ.

ಇನ್ನು ಹೊರಗಿನ ವಕೀಲರ ಸ್ಥಿತಿ ನೋಡಿ. ಅದೇ ನಿಯಮಾವಳಿಯ 36ನೆಯ ನಿಯಮ ಅವರಿಗೆ ಜಾಹೀರಾತನ್ನು ನಿಷೇಧಿಸುತ್ತದೆ. ನಾಮಫಲಕ ಸಾಧಾರಣ ಅಳತೆಯದಾಗಿರಬೇಕು. ಅದರಲ್ಲಿ ತಾನು ಇಂಥ ಸಂಸ್ಥೆಗೆ ಸಂಬಂಧಪಟ್ಟವನು, ಇಂಥ ಬಗೆಯ ಕೆಲಸದಲ್ಲಿ ನಿಪುಣ ಎಂದು ಬರೆದುಕೊಳ್ಳಬಾರದು. ಬರೆದುಕೊಂಡವರು ಇಲ್ಲವೆಂದಲ್ಲ, ಅದು ಬೇರೆ ವಿಷಯ. 2008ರಲ್ಲಿ ನಿಯಮವನ್ನು ಸಡಿಲಿಸಿ, ಅಂತರ್ಜಾಲದ ತಾಣದಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆ, ವೃತ್ತಿಯ ಕ್ಷೇತ್ರ ಇಷ್ಟನ್ನು ಕೊಡಲು ಅನುಮತಿ ಇತ್ತರು. ಅಷ್ಟೇ.

ಎಂದರೆ ಒಳಗಿನವನಿಗೆ ಕೋರ್ಟಿನಲ್ಲಿ ಬಾಯಿಲ್ಲ, ಹೊರಗಿನವನಿಗೆ ಪೇಟೆಯಲ್ಲಿ ಬಾಯಿಲ್ಲ. ಒಳಗಿನವನ ಮಾತನ್ನು ಕೋರ್ಟಿನಲ್ಲಿ ಹೊರಗಿನವನು ಆಡುತ್ತಾನೆ. ಹೊರಗಿನವನ ಕೆಲಸ ಒಳ್ಳೆಯದಿತ್ತೋ ಇಲ್ಲವೋ ಎಂಬ ಮಾತನ್ನು ಒಳಗಿನವನು ಮಾತ್ರ ಆಡಬಲ್ಲ. ಹೆಚ್ಚಿನ ಕಡೆ ಮೊದಲನೆಯದು ನಡೆಯುತ್ತಿದೆ, ಎರಡನೆಯದು ನಡೆಯುತ್ತಿಲ್ಲ. ನನ್ನ ತಕರಾರು ಇಷ್ಟೇ.

ಕೆಲಸ ಏನೆಂದು ತಿಳಿಯದೆ ಗುರುತಿಸುವ ಮಾತು ಬರುವುದಿಲ್ಲ. ಕೋರ್ಟಿನ ವಾದ ಎಲ್ಲರಿಗೂ ಕಾಣುತ್ತದೆ, ಅದನ್ನು ಬಿಡೋಣ. ಕಾಣದ ಕೆಲಸವೆಂದರೆ ಹಕ್ಕಿನ ಶೋಧನೆ. ನೀವು ಅಡವಿಡುವ ಆಸ್ತಿ ನಿಜವಾಗಿ ನಿಮ್ಮದೇ, ನಿಮಗೆ ಮಾರಿದವನದೇ ಆಗಿತ್ತೇ, ಅವನಿಗೆ ಮಾರಿದವನದು ಆಗಿತ್ತೇ ಎಂದು ಸಾಮಾನ್ಯವಾಗಿ 30 ವರ್ಷ ಹಿಂದಕ್ಕೆ ನಡೆದು ನೋಡುವುದು. ವಕೀಲರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಋಣಭಾರ ಪತ್ರ, ನಾವು ಇ.ಸಿ. ಎನ್ನುವುದು, ಅದನ್ನು ತೆಗೆಸುತ್ತಾರೆ. ಈ ಪತ್ರ ಕೈಗೆ ಬಂದರೆ ಎಲ್ಲ ಮುಗಿಯಿತೆಂದು ಜನ ತಿಳಿಯುತ್ತಾರೆ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಉಯಿಲನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುವುದಿಲ್ಲ. ಅಣ್ಣತಮ್ಮಂದಿರು ಹಿರಿಯರ ಮುಂದೆ ಬಾಯಿಮಾತಿನಲ್ಲಿ ಹಂಚಿಕೊಂಡದ್ದು ಅಲ್ಲಿ ಇಲ್ಲ. ಗೇಣಿದಾರನ ಹಕ್ಕು ಇಲ್ಲ. ಕೋರ್ಟಿನಲ್ಲಿ ಬಾಕಿಯಿರುವ ಹೆಂಗಸರ ಪಾಲಿನ ದಾವೆ ಇಲ್ಲ. ಇವನ್ನೆಲ್ಲ ಊಹಿಸಿ, ಕೇಳಿ, ಗ್ರಾಮಕಚೇರಿಯ ಪುಸ್ತಕ ನೋಡಿ, ಸಂಶಯ ಬಂದರೆ ಪಕ್ಕದ ಮನೆಯವರನ್ನೂ ವಿಚಾರಿಸಿ ವರದಿ ಬರೆಯುವವರು ಊರಿನ ವಕೀಲರು.

ನಮ್ಮ ಗಡಿಗಳಿಗೆ ಬಂದರೆ ಈ ಕೆಲಸದ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಲ್ಲಿನ ಹಳೆಯ ದಸ್ತಾವೇಜು ಕನ್ನಡದ್ದು. ಅದರಲ್ಲಿ ಮೂಲಗೇಣಿ ಎಂಬ ಶಬ್ದ ಬಂದರೆ ಶಾಶ್ವತ ಗೇಣಿ, ಚಾಲಗೇಣಿ ಎಂದು ಬಂದರೆ ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ. ಕುಮ್ಕಿ ಎಂದಿದ್ದರೆ ಅದು ವರ್ಗ ಭೂಮಿಯ ಎಲ್ಲೆಯಿಂದ 100 ಗಜದ ಒಳಗಿನ ಸರಕಾರಿ ಜಾಗ. ಸೊಪ್ಪು ಕಟ್ಟಿಗೆ ತರುವ, ದನ ಮೇಯಿಸುವ ಸೌಕರ್ಯವೇ ಹೊರತು ಒಡೆತನವಲ್ಲ. ಕುಮ್ಕಿಯನ್ನು ಸ್ವಂತ ಭೂಮಿಯೆಂದು ಓದಿ ಸಾಲ ಕೊಟ್ಟರೆ ಬ್ಯಾಂಕಿನ ಹಣ ಹೋದಂತೆಯೇ. ಕೊಚ್ಚಿಯ ಕಚೇರಿಯಲ್ಲಿರುವ ಕಾನೂನು ಅಧಿಕಾರಿಗೆ ಕನ್ನಡ ಬಾರದು. ಮುಂಬಯಿಯ ಅಧಿಕಾರಿಗೆ ಕನ್ನಡ ಬಂದರೂ ಕುಮ್ಕಿ ಎಂದರೇನೆಂದು ತಿಳಿಯದು.

ಅಳಿಯಸಂತಾನದ ಕುಟುಂಬಗಳ ಆಸ್ತಿಯಾದರೆ ಮತ್ತೊಂದು ತೊಡಕು. ಯಜಮಾನನ ಸಹಿ ಸಾಕೇ, ಯಾವ ಕವರಿನವರ ಒಪ್ಪಿಗೆ ಬೇಕು ಎಂದು ಹಿಂದೆ ನೋಡಬೇಕಿತ್ತು. 1976ರ ಡಿಸೆಂಬರ್ 1ರಂದು ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯೇ ಕಾಯಿದೆಯಿಂದ ಕೊನೆಗೊಂಡಿತು. ಆ ಹೊತ್ತಿಗೆ ತೊಟ್ಟಿಲಲ್ಲಿದ್ದ ಮಗುವಿಗೂ ಪ್ರತ್ಯೇಕ ಪಾಲು ಬಂತು. ಆಮೇಲಿನ ಕ್ರಯಪತ್ರದಲ್ಲಿ ಆ ಮಗುವಿನ ಪರವಾಗಿ ಯಾರು ಸಹಿ ಹಾಕಿದರು? ಇದನ್ನು ಕೇಳಬೇಕೆಂದು ಹೊಳೆಯುವುದು ಆ ಊರಿನ ಕುಟುಂಬಗಳನ್ನು ಬಲ್ಲವರಿಗೆ.

ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಹೋದರೆ ಹಳೆಯ ಮರಾಠಿ ಕಾಗದ ಮೋಡಿ ಲಿಪಿಯಲ್ಲಿರುತ್ತದೆ. ಇಂದು ಮೋಡಿ ಓದುವ ವಕೀಲರು ಎಷ್ಟು ಮಂದಿ ಇದ್ದಾರು? ಪಶ್ಚಿಮ ತೆಲಂಗಾಣದಲ್ಲಿ ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿ. ಅಲ್ಲಿ 1954-55ರ ಖಾಸ್ರಾ ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡದೆ ಯಾವ ವಕೀಲರೂ ಮುಂದುವರಿಯುವುದಿಲ್ಲ. ಆದೋನಿ, ರಾಯದುರ್ಗಗಳು 1953ರ ಅಕ್ಟೋಬರಿನವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಗೋವೆಯಲ್ಲಿ 1961ಕ್ಕೆ ಹಿಂದಿನ ದಾಖಲೆ ಪೋರ್ಚುಗೀಸ್ ಭಾಷೆಯದು, ಅಲ್ಲಿನ ನಾಗರಿಕ ಸಂಹಿತೆಯ ಪ್ರಕಾರ ಸಾಮಾನ್ಯವಾಗಿ ಗಂಡನ ಆಸ್ತಿ ಮಾರುವಾಗ ಹೆಂಡತಿಯ ಸಹಿಯೂ ಬೇಕು. ನೀಲಗಿರಿಯ ಗೂಡಲೂರಿನಲ್ಲಿ ಜನ್ಮಂ ಭೂಮಿಯ ಕಾಯಿದೆ 1969ರಲ್ಲಿ ಬಂತು. ಬಾಲ್ಮಡೀಸ್ ಪ್ಲಾಂಟೇಷನ್ಸ್ ಎಂಬ ತೋಟದ ಕಂಪನಿ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದು 1972ರಲ್ಲಿ ಅರಣ್ಯಭೂಮಿಯ ಮಟ್ಟಿಗೆ ಗೆದ್ದಿತು. ಅದೇ ಕಾಯಿದೆಯಿಂದ ಹೊರಟ ಜಗಳ 2007ರಲ್ಲಿ 9 ನ್ಯಾಯಾಧೀಶರ ಪೀಠದವರೆಗೆ ಬೆಳೆಯಿತು. ಕಂಪನಿಯ ಪ್ರಧಾನ ಕಚೇರಿ ಎಲ್ಲೇ ಇರಲಿ, ಗೂಡಲೂರಿನ ಕಾಡು ಯಾವುದು, ತೋಟ ಯಾವುದು ಎಂದು ಹೇಳಲು ಗೂಡಲೂರಿನವರೇ ಬೇಕು.

ಕೋರ್ಟುಗಳೂ ಸ್ಥಳ ಬದಲಿಸುತ್ತವೆ. ಆಂಧ್ರದ ಹೈಕೋರ್ಟು 2019ರ ಜನವರಿ 1ರಿಂದ ಹೈದರಾಬಾದು ಬಿಟ್ಟು ಅಮರಾವತಿಗೆ ಹೋಯಿತು. ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ ಪ್ರಕರಣಗಳು 2025ರ ಆಗಸ್ಟ್ 18ರಿಂದ ಕೊಲ್ಲಾಪುರದ ಪೀಠಕ್ಕೆ ಬಂದವು, ಅದರೊಡನೆ ಜತ್ತಿನವೂ ಬಂದವು. ಮುಂಬಯಿಯ ವಕೀಲರನ್ನೇ ನೆಚ್ಚಿದ್ದ ಕಾರ್ಖಾನೆಯ ಕಾನೂನು ವಿಭಾಗ ಈಗ ಕೊಲ್ಲಾಪುರದಲ್ಲಿ ಜನ ಹುಡುಕಬೇಕು. ಯಾರನ್ನು ಕೇಳುವುದು?

ಈ ಪ್ರಶ್ನೆ ಹೊಸದಲ್ಲ. ಅಮೆರಿಕದಲ್ಲಿ ಜೇಮ್ಸ್ ಮಾರ್ಟಿಂಡೇಲ್ ಎಂಬುವರು 1868ರಲ್ಲಿ ವಕೀಲರ ಕೈಪಿಡಿಯೊಂದನ್ನು ಹೊರಡಿಸಿದರು. ದೂರದೂರಿನಲ್ಲಿ ವ್ಯವಹಾರವಿರುವ ಸಗಟು ವ್ಯಾಪಾರಿಗೆ, ಬ್ಯಾಂಕಿನವನಿಗೆ, ಆಯಾ ಪಟ್ಟಣದಲ್ಲಿ ನಂಬಬಹುದಾದ ಒಂದು ವಕೀಲ ಸಂಸ್ಥೆಯ ವಿಳಾಸ ಸಿಗಲಿ ಎಂಬುದು ಉದ್ದೇಶ. ಎಂಥ ಸರಳವಾದ, ಉಪಯುಕ್ತವಾದ ಯೋಚನೆ! ಈಗ ಲಂಡನ್ನು ಮೊದಲಾದ ಕಡೆಗಳಿಂದ ವರ್ಷ ವರ್ಷ ಹೊರಡುವ ವಕೀಲರ ಶ್ರೇಣಿಪಟ್ಟಿಗಳು ಆ ವಂಶದವೇ. ಕಂಪನಿಗಳ ಕಾನೂನು ಮುಖ್ಯಸ್ಥರನ್ನು ವಿಚಾರಿಸಿ ಮೊದಲ ದರ್ಜೆ, ಎರಡನೆಯ ದರ್ಜೆ ಎಂದು ಹಂಚುತ್ತಾರೆ. ಅವುಗಳಲ್ಲಿ ಭಾರತದ ಪುಟಗಳೂ ಇವೆ. ಮುಂಬಯಿ, ದಿಲ್ಲಿ, ಬೆಂಗಳೂರಿನ ದೊಡ್ಡ ಸಂಸ್ಥೆಗಳು ಅಲ್ಲಿ ಕಾಣುತ್ತವೆ. ಕುಂಬಳೆಯ, ಡೆಂಕಣಿಕೋಟೆಯ, ಮಡಕಶಿರಾದ ವಕೀಲರನ್ನು ಅಲ್ಲಿ ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ಮಾರ್ಟಿಂಡೇಲರು ಊರಿಗೊಬ್ಬರನ್ನು ಹುಡುಕಿದ್ದರು. ಇಂದಿನ ಪಟ್ಟಿಗಳಿಗೆ ನಾಲ್ಕು ಊರು ಸಾಕಾಗಿದೆ.

ಇಂಥ ಅಂಕಪಟ್ಟಿಗಳನ್ನು ನಮ್ಮ ಕೋರ್ಟುಗಳು ಮೆಚ್ಚುವುದೂ ಇಲ್ಲ. 2024ರ ಜುಲೈಯಲ್ಲಿ ಮದರಾಸು ಹೈಕೋರ್ಟು, ಅಂತರ್ಜಾಲದ ಅಂಗಡಿಗಳ ಮೂಲಕ ಕೆಲಸ ಹಿಡಿಯುವ ವಕೀಲರ ಮೇಲೆ ಕ್ರಮ ಕೈಗೊಳ್ಳುವಂತೆ ವಕೀಲರ ಪರಿಷತ್ತಿಗೆ ಆದೇಶಿಸಿತು. ವಕೀಲರಿಗೆ ನಕ್ಷತ್ರ ಹಚ್ಚಿ ದರ್ಜೆ ಕಟ್ಟುವುದು ವೃತ್ತಿಯ ಘನತೆಗೆ ಕುಂದು ಎಂಬುದು ಅದರ ಅಭಿಪ್ರಾಯ. ನಾನು ಇದನ್ನು ಒಪ್ಪುತ್ತೇನೆ. ಹೋಟೆಲಿನ ದೋಸೆಗೂ ಹಕ್ಕಿನ ಶೋಧನೆಗೂ ಒಂದೇ ತಕ್ಕಡಿ ಸಲ್ಲದು. ಆದರೆ ಜಾಹೀರಾತು ಬೇಡ, ದರ್ಜೆ ಬೇಡ ಎಂದ ಮೇಲೆ ಬಲ್ಲವರ ಬಾಯಿಮಾತು ಒಂದೇ ಉಳಿಯುತ್ತದೆ. ಆ ಬಾಯಿ ಮುಚ್ಚಿದ್ದರೆ?

ಕಾನೂನೇ ಕೊಡುವ ಮರ್ಯಾದೆಯೊಂದು ಇದೆಯಲ್ಲ ಎನ್ನಬಹುದು. 1961ರ ವಕೀಲರ ಕಾಯಿದೆಯ 16ನೆಯ ಸೆಕ್ಷನ್ ಪ್ರಕಾರ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳು ಹಿರಿಯ ನ್ಯಾಯವಾದಿ ಎಂಬ ಪದವಿ ಕೊಡುತ್ತವೆ. ಸರಿ. ಆದರೆ ಅದು ನ್ಯಾಯಾಧೀಶರ ಕಣ್ಣಿಗೆ ಬಿದ್ದವರಿಗೆ. ಮೂವತ್ತು ವರ್ಷ ಶೋಧನಾ ವರದಿ ಬರೆದು, ಹತ್ತು ಹಗರಣ ಹುಟ್ಟದಂತೆ ನೋಡಿಕೊಂಡವರನ್ನು ಯಾವ ನ್ಯಾಯಾಧೀಶರೂ ಕಂಡಿರುವುದಿಲ್ಲ. ಅವರ ಕೆಲಸ ಸರಿಯಾಗಿದ್ದರೆ ಕೋರ್ಟಿಗೆ ಹೋಗುವ ಸಂದರ್ಭವೇ ಬರುವುದಿಲ್ಲ.

ಕಾಸರಗೋಡಿನವರಿಗೆ ಎಡನೀರು ಮಠದ ಉದಾಹರಣೆ ಹತ್ತಿರದ್ದು. ಕೇರಳದ ಭೂಸುಧಾರಣೆಯ ವಿರುದ್ಧ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು 68 ದಿನ ಕೇಳಿ 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಜೊತೆಗೆ ಕಲ್ಲಿದ್ದಲು ಮತ್ತು ಗಣಿ ಕಂಪನಿಗಳ ಅರ್ಜಿಗಳೂ ವಿಚಾರಣೆಯಾದವು ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ವಾದಿಸಿದ ನಾನಿ ಪಾಲ್ಖಿವಾಲಾರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಸ್ವಾಮಿಗಳೂ ಅವರೂ ಮುಖತಃ ಭೇಟಿಯಾಗಿರಲಿಲ್ಲ ಎಂಬುದೂ ಪ್ರಸಿದ್ಧ. ಹಾಗಾದರೆ ಮಠದ ಭೂಮಿಯ ಲೆಕ್ಕ, ಗೇಣಿಯ ಪಟ್ಟಿ, ಎಡನೀರಿನಿಂದ ದಿಲ್ಲಿಯವರೆಗೆ ಹೇಗೆ ನಡೆದವು? ನಡುವೆ ಕಾಗದ ಓದಿದವರು, ಬರೆದವರು, ಇಂಗ್ಲಿಷಿಗೆ ತಂದವರು ಇರಲೇಬೇಕಲ್ಲ. ಗೋಪುರದ ಕಲಶ ಕಂಡಷ್ಟು ತಳಪಾಯದ ಕಲ್ಲು ಕಾಣುವುದಿಲ್ಲ.

ಕಾಣದಿದ್ದರೆ ಏನು ನಷ್ಟ, ಫೀಸು ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಫೀಸಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಅಪಾಯದ ಮಾತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ಲೀನವಾದ ನಮ್ಮ ವಿಜಯಾ ಬ್ಯಾಂಕಿನ ಹೈದರಾಬಾದು ಶಾಖೆಯೊಂದರಲ್ಲಿ ಗೃಹಸಾಲದ ಮೋಸ ನಡೆಯಿತು. ದಸ್ತಾವೇಜುಗಳು ಖೋಟಾ. ಹಕ್ಕಿನ ಬಗ್ಗೆ ಅಭಿಪ್ರಾಯ ಬರೆದುಕೊಟ್ಟಿದ್ದ ಪ್ಯಾನೆಲ್ ವಕೀಲರನ್ನೂ ಸಿ.ಬಿ.ಐ. ಒಳಸಂಚಿನ ಆರೋಪಿಯನ್ನಾಗಿ ಸೇರಿಸಿತು. 2012ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಅಭಿಪ್ರಾಯ ತಪ್ಪಾಯಿತೆಂದ ಮಾತ್ರಕ್ಕೆ ವಕೀಲ ಸಂಚುಗಾರನಾಗುವುದಿಲ್ಲ, ಮೋಸದಲ್ಲಿ ಅವನು ಕೈಗೂಡಿಸಿದ್ದಕ್ಕೆ ಪುರಾವೆ ಬೇಕು ಎಂದಿತು. ನ್ಯಾಯ ಸಿಕ್ಕಿತು ನಿಜ. ಆದರೆ ಒಂದು ಅಭಿಪ್ರಾಯ ಬರೆದದ್ದಕ್ಕೆ ದಿಲ್ಲಿಯವರೆಗೆ ಅಲೆದಾಡಬೇಕಾಯಿತು.

ಇನ್ನೊಂದು ಸ್ವಾರಸ್ಯ ನೋಡಿ. ಮೋಸಕ್ಕೆ ಸಹಾಯ ಮಾಡಿದ ವಕೀಲರು, ಮೌಲ್ಯಮಾಪಕರು, ಲೆಕ್ಕಪರಿಶೋಧಕರ ಹೆಸರನ್ನು ಬ್ಯಾಂಕುಗಳ ಸಂಘಕ್ಕೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2009ರಲ್ಲಿ ಸುತ್ತೋಲೆ ಹೊರಡಿಸಿತು. ಸಂಘ ಆ ಹೆಸರುಗಳ ಎಚ್ಚರಿಕೆಯ ಪಟ್ಟಿ ಮಾಡಿ ಬ್ಯಾಂಕುಗಳಿಗೆಲ್ಲ ಹಂಚುತ್ತದೆ. ಒಳ್ಳೆಯದೇ. ಕಳ್ಳನ ಹೆಸರು ಎಲ್ಲರಿಗೂ ತಿಳಿಯಲಿ. ಆದರೆ ಒಂದೇ ಒಂದು ಸಾಲ ಕೆಡದಂತೆ ಇಪ್ಪತ್ತು ವರ್ಷ ವರದಿ ಕೊಟ್ಟವರ ಪಟ್ಟಿಯನ್ನು ಹಂಚಿ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ಬೈಗುಳಕ್ಕೆ ನಮೂನೆ ಇದೆ, ಮೆಚ್ಚುಗೆಗೆ ನಮೂನೆ ಇಲ್ಲ.

ಹೊರಗಿನವರ ಅಗತ್ಯಕ್ಕೆ ಇನ್ನೊಂದು ಕಾರಣ ಇತ್ತೀಚಿನದು, ಸ್ವಲ್ಪ ಗಮನವಿಟ್ಟು ಕೇಳಿ. ಕಕ್ಷಿಗಾರ ವಕೀಲನಿಗೆ ಹೇಳಿದ ಮಾತು ಗುಟ್ಟಾಗಿ ಉಳಿಯಬೇಕೆಂಬುದು ಹಳೆಯ ಕಟ್ಟಳೆ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಇತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಸೆಕ್ಷನ್ನಿನಲ್ಲೂ ಇದೆ. 2025ರಲ್ಲಿ ವಿಮಾ ಕಂಪನಿಯೊಂದಕ್ಕೆ ಷೇರು ಹಂಚಿಕೆಯ ವಿಷಯದಲ್ಲಿ ಕೊಟ್ಟ ಕಾನೂನು ಅಭಿಪ್ರಾಯದ ಸಂಬಂಧವಾಗಿ ಜಾರಿ ನಿರ್ದೇಶನಾಲಯ ಇಬ್ಬರು ಹಿರಿಯ ವಕೀಲರಿಗೆ ಸಮನ್ಸು ಕಳಿಸಿತು. ದೇಶದ ವಕೀಲರೆಲ್ಲ ಕೂಗೆಬ್ಬಿಸಿದರು, ಸಮನ್ಸು ಹಿಂದೆ ಹೋಯಿತು. ಸುಪ್ರೀಂ ಕೋರ್ಟು ತಾನಾಗಿ ಇಂಥ ವಿಷಯವನ್ನು ಎತ್ತಿಕೊಂಡು ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಕಕ್ಷಿಗಾರನ ವಿಷಯ ತಿಳಿಯಲು ವಕೀಲನನ್ನು ಕರೆಸಕೂಡದು, ಕಾನೂನು ಹೇಳಿದ ಅಪವಾದವಿದ್ದರೆ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಪಡೆದು ಕರೆಸಬೇಕು ಎಂದಿತು. ಅದೇ ತೀರ್ಪಿನಲ್ಲಿ ಮತ್ತೊಂದು ಮಾತೂ ಬಂತು. ಕಂಪನಿಯ ಸಂಬಳದ ಕಾನೂನು ಅಧಿಕಾರಿ ಕೋರ್ಟಿನಲ್ಲಿ ವೃತ್ತಿ ನಡೆಸುವ ವಕೀಲನಲ್ಲವಾದ್ದರಿಂದ ಅವನಿಗೆ 132ನೆಯ ಸೆಕ್ಷನ್ನಿನ ರಕ್ಷಣೆ ಇಲ್ಲ. ಕಾನೂನು ಸಲಹೆಗಾರನೆಂಬ ನೆಲೆಯಲ್ಲಿ 134ರ ಕೆಳಗೆ ಸ್ವಲ್ಪ ಆಸರೆ ಮಾತ್ರ ಉಂಟು.

ಯುರೋಪಿನಲ್ಲೂ ಹೀಗೆಯೇ ಆಗಿತ್ತು. ಆಕ್ಜೋ ನೊಬೆಲ್ ಎಂಬ ರಾಸಾಯನಿಕ ಕಂಪನಿಯ ಇಂಗ್ಲೆಂಡಿನ ಕಚೇರಿಯಲ್ಲಿ 2003ರಲ್ಲಿ ಶೋಧ ನಡೆದಾಗ, ವ್ಯವಸ್ಥಾಪಕನಿಗೂ ಕಂಪನಿಯದೇ ವಕೀಲನಿಗೂ ನಡುವೆ ನಡೆದ ಎರಡು ಪತ್ರಗಳು ಅಧಿಕಾರಿಗಳ ಕೈಗೆ ಸಿಕ್ಕವು. ಇವು ಗುಟ್ಟಿನವು ಎಂದು ಕಂಪನಿ ಏಳು ವರ್ಷ ಹೋರಾಡಿತು. 2010ರಲ್ಲಿ ಐರೋಪ್ಯ ನ್ಯಾಯಾಲಯ ಒಪ್ಪಲಿಲ್ಲ. ಸಂಬಳ ಪಡೆಯುವವನು ಎಷ್ಟೇ ಪ್ರಾಮಾಣಿಕನಾದರೂ ಹೊರಗಿನ ವಕೀಲನಷ್ಟು ಸ್ವತಂತ್ರನಲ್ಲ ಎಂದಿತು. ಒಳಗೆ ಕೆಲಸ ಮಾಡುವವರಿಗೆ ಇದು ಕಹಿ ಮಾತು. ಮಾಲೀಕನ ಮುಖ ನೋಡಿ 'ಇದು ಕೂಡದು' ಎಂದು ಹೇಳಿ ಬಡ್ತಿ ಕಳೆದುಕೊಂಡ ಕಾನೂನು ಅಧಿಕಾರಿಗಳೂ ಇದ್ದಾರೆ. ಏನಿದ್ದರೂ ಕಾನೂನಿನ ಲೆಕ್ಕದಲ್ಲಿ ಕಂಪನಿಯ ಗುಟ್ಟಿಗೆ ಗಟ್ಟಿಯಾದ ಬೀಗ ಹೊರಗಿನ ವಕೀಲರ ಹತ್ತಿರ ಇದೆ. ಒಳಗಿನವರು ಅವರನ್ನು ಗುಮಾಸ್ತರಂತೆ ನಡೆಸಿಕೊಳ್ಳುವುದು ಅದಕ್ಕೇ ನನಗೆ ವಿಚಿತ್ರವಾಗಿ ಕಾಣುವುದು.

ಈಗ ಫೀಸಿನ ಮಾತು. ಗೆದ್ದರೆ ಇಷ್ಟು ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದು ನಮ್ಮ ವಕೀಲರಿಗೆ ನಿಷಿದ್ಧ. ಬಿಲ್ಲು ಕೊಡಬೇಕು, ಕಾಯಬೇಕು. ಮಧ್ಯಪ್ರದೇಶ ರಾಜ್ಯ ಸಹಕಾರಿ ಬ್ಯಾಂಕು 1990ರಲ್ಲಿ ಹೊರಗಿನ ವಕೀಲರೊಬ್ಬರನ್ನು ಕಾನೂನು ಸಲಹೆಗಾರರನ್ನಾಗಿ ನೇಮಿಸಿ 1993ರಲ್ಲಿ ಬೇಡವೆಂದಿತು, ಫೈಲುಗಳನ್ನು ಮರಳಿಸಿ ಎಂದಿತು. ಅವರು 97,100 ರೂಪಾಯಿ ಬಾಕಿಯ ಬಿಲ್ಲು ಮುಂದಿಟ್ಟು, ಅದು ತೀರುವವರೆಗೆ ಫೈಲು ಕೊಡೆನೆಂದರು. ವಿಷಯ ಶಿಸ್ತಿನ ಕ್ರಮದವರೆಗೆ ಬೆಳೆದು ಸುಪ್ರೀಂ ಕೋರ್ಟಿಗೆ ಹೋಯಿತು. ಫೈಲು ಕಕ್ಷಿಗಾರನದು, ಫೀಸಿಗಾಗಿ ಅದನ್ನು ಒತ್ತೆ ಹಿಡಿಯುವ ಹಕ್ಕು ವಕೀಲನಿಗಿಲ್ಲ, ಬೇಕಾದರೆ ಹಣಕ್ಕಾಗಿ ಬೇರೆ ದಾವೆ ಹೂಡಲಿ ಎಂದು 2000ದ ಆಗಸ್ಟಿನಲ್ಲಿ ತೀರ್ಪಾಯಿತು. ಆದರೂ ಶಿಕ್ಷೆಯನ್ನು ಬರೀ ಛೀಮಾರಿಗೆ ಇಳಿಸಿದರು. ಗಡಿಯಾರ ದುರಸ್ತಿಯವನು ಕೂಲಿ ಕೊಡುವವರೆಗೆ ಗಡಿಯಾರ ಹಿಡಿದಿಟ್ಟುಕೊಳ್ಳಬಹುದು, ವಕೀಲ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ. ತೀರ್ಪು ಸರಿಯೇ. ಕಕ್ಷಿಗಾರ ಬಡವನಾದರೆ ಅವನ ಗತಿ ಏನು? ಆದರೆ ಕಕ್ಷಿಗಾರ ಬ್ಯಾಂಕೇ ಆದಾಗ ಈ ತೀರ್ಪು ಅದರ ಮೇಲೆ ಒಂದು ಋಣವನ್ನೂ ಹೊರಿಸುತ್ತದೆ. ಎದುರಿನವನ ಕೈಯಲ್ಲಿ ಯಾವ ಹಿಡಿತವೂ ಇಲ್ಲದಿರುವಾಗ ತಡಮಾಡದೆ ಪಾವತಿ ಮಾಡಬೇಕಾದ ಋಣ. ನನ್ನ ಅಭಿಪ್ರಾಯದಲ್ಲಿ ಹೊರಗಿನ ವಕೀಲರಿಗೆ ಮೊದಲನೆಯ ಮನ್ನಣೆ, ಅವರ ಬಿಲ್ಲು ಇನ್ನೊಂದು ಮೇಜಿನ ಮೇಲೆ ಧೂಳು ತಿನ್ನದೆ ಪಾಸಾಗುವುದು. ಶಾಲು ಹಾರ ಆಮೇಲೆ.

ಎರಡನೆಯದು, ಕಾಗದ ಪೂರ್ತಿ ಕೊಡುವುದು. ವಾಯಿದೆಯ ಹಿಂದಿನ ಸಂಜೆ ಅರ್ಧ ಫೈಲು ಕಳಿಸಿ ನಾಳೆ ಗೆದ್ದುಕೊಡಿ ಎನ್ನುವ ಕಚೇರಿಗಳು ಎಷ್ಟೋ ಇವೆ. ಮೂರನೆಯದು ಸ್ವಲ್ಪ ಸೂಕ್ಷ್ಮ. ವಕೀಲರು 'ಈ ದಾವೆ ಹೂಡಬೇಡಿ, ನಿಲ್ಲುವುದಿಲ್ಲ' ಎಂದು ಬರೆದರೆ ಕಂಪನಿಗೆ ಲಕ್ಷಗಟ್ಟಲೆ ಉಳಿಯುತ್ತದೆ, ವಕೀಲರಿಗೆ ಅಷ್ಟು ಸಂಪಾದನೆ ತಪ್ಪುತ್ತದೆ. ಹೂಡಿದ ದಾವೆಗಳು ಲೆಕ್ಕದ ಪುಸ್ತಕದಲ್ಲಿ ಕಾಣುತ್ತವೆ. ಹೂಡದೆ ಉಳಿದದ್ದು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಬಲ್ಲವನು ಕಾನೂನು ಅಧಿಕಾರಿಯೊಬ್ಬನೇ. ವರ್ಷಕ್ಕೊಮ್ಮೆ ಆಡಳಿತ ಮಂಡಳಿಗೆ ಸಲ್ಲಿಸುವ ವರದಿಯಲ್ಲಿ, ಇಂಥ ಊರಿನ ಇಂಥ ವಕೀಲರ ಸಲಹೆಯಿಂದ ಇಷ್ಟು ಅಪಾಯ ತಪ್ಪಿತು ಎಂದು ಹೆಸರು ಹಿಡಿದು ಎರಡು ಸಾಲು ಬರೆದರೆ ಕೈ ಸವೆಯುವುದಿಲ್ಲ. ವಕೀಲರು ತಾವೇ ಹೇಳಿಕೊಂಡರೆ ನಿಯಮಭಂಗ. ಕಂಪನಿ ತನ್ನ ದಾಖಲೆಯಲ್ಲಿ ಬರೆದರೆ ಯಾವ ಭಂಗವೂ ಇಲ್ಲ.

ಹಾಗೆ ಬರೆಯದಿದ್ದರೆ ಏನಾಗುತ್ತದೆ? ಡುಪಾಂಟ್ ಎಂಬ ಅಮೆರಿಕದ ಕಂಪನಿ 1992ರಿಂದ ತನ್ನ ಹೊರಗಿನ ವಕೀಲ ಸಂಸ್ಥೆಗಳನ್ನು ಮುನ್ನೂರಕ್ಕೂ ಹೆಚ್ಚಿನಿಂದ ಐವತ್ತಕ್ಕೂ ಕಡಿಮೆಗೆ ಇಳಿಸಿತು. ಉಳಿದವರೊಡನೆ ನಿಕಟ ಸಂಬಂಧ ಬೆಳೆಸಿತು, ಖರ್ಚು ಉಳಿಸಿತು, ಜಗತ್ತು ಅದನ್ನು ಮಾದರಿ ಎಂದಿತು. ನಮ್ಮಲ್ಲಿಯೂ ಅಂಥ ಗಾಳಿ ಬೀಸಿದರೆ ದೊಡ್ಡ ಊರಿನ ಒಂದೇ ಸಂಸ್ಥೆಗೆ ಇಡೀ ವಲಯದ ಕೆಲಸ ಹೋಗುತ್ತದೆ. ಅದು ಯಾರಿಂದಲೋ ಕನ್ನಡದ ದಸ್ತಾವೇಜನ್ನು ಅನುವಾದ ಮಾಡಿಸುತ್ತದೆ. ಅನುವಾದದಲ್ಲಿ ಕುಮ್ಕಿ 'ಸರಕಾರಿ ಭೂಮಿ' ಆದೀತು, ಇಲ್ಲವೇ 'ಪಕ್ಕದ ಭೂಮಿ' ಆದೀತು. ಮೊದಲನೆಯದಾದರೆ ನಿಮಗೆ ನ್ಯಾಯವಾಗಿ ಸಿಗಬೇಕಾದ ಸಾಲ ಸಿಗದು. ಎರಡನೆಯದಾದರೆ ಸಿಗಬಾರದವನಿಗೆ ಸಿಕ್ಕೀತು. ಊರಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತು, ಕಾನೂನು ಓದಿ ಬಂದ ಹುಡುಗ ಹುಡುಗಿಯರು ಈ ಕೆಲಸದಲ್ಲಿ ಮರ್ಯಾದೆಯಿಲ್ಲವೆಂದು ಮಂಗಳೂರಿಗೋ ಬೆಂಗಳೂರಿಗೋ ಹೊರಟರೆ, ಹಿರಿಯ ವಕೀಲರ ತಲೆಯಲ್ಲಿರುವ ಮೂಲಗೇಣಿ, ಕವರು, ಖಾಸ್ರಾಗಳ ಜ್ಞಾನವನ್ನು ಯಾರು ಪಡೆಯಬೇಕು? ಪುಸ್ತಕ ಓದಿ ಅದು ಬರುವುದಿಲ್ಲ. ಐದಾರು ವರ್ಷ ಅವರ ಮಾಳಿಗೆಯಲ್ಲಿ ಕುಳಿತು ಹಳೆಯ ಅಕ್ಷರ ಬಿಡಿಸಿದರೆ ಬರುತ್ತದೆ.

ನಿಮ್ಮಲ್ಲಿ ಕೆಲವರು ಸಹಕಾರಿ ಸಂಘಗಳ ನಿರ್ದೇಶಕರಿರಬಹುದು, ಬ್ಯಾಂಕಿನ ಉದ್ಯೋಗಿಗಳಿರಬಹುದು. ಮುಂದಿನ ಸಭೆಯಲ್ಲಿ ನಿಮ್ಮ ಪ್ಯಾನೆಲ್ಲಿನಲ್ಲಿ ಹಳೆಯ ಕನ್ನಡ ಕಾಗದ ಓದಬಲ್ಲವರು ಎಷ್ಟು ಮಂದಿ, ಅವರ ವಯಸ್ಸು ಎಷ್ಟು, ಅವರ ಕೈಕೆಳಗೆ ಕಿರಿಯರು ಯಾರಿದ್ದಾರೆ ಎಂದು ವಿಚಾರಿಸಿ. ಇನ್ನು ಸಾಲಗಾರರಾದ ನೀವು, ಶೋಧನೆಯ ಫೀಸನ್ನು ಹೆಚ್ಚಿನ ಕಡೆ ನಿಮ್ಮಿಂದಲೇ ಪಡೆಯುತ್ತಾರೆ, ಆದ್ದರಿಂದ ವರದಿಯ ಪ್ರತಿಯೊಂದನ್ನು ಕೇಳಿ ನೋಡಿ. ಕೊಟ್ಟರೆ ಕೊನೆಯ ಪುಟ ಓದಿ. ಇಂಥ ದಸ್ತಾವೇಜು ಇಲ್ಲ, ಇಂಥವರ ಸಹಿ ಇಲ್ಲ ಎಂದು ವಕೀಲರು ಬರೆದಿದ್ದರೆ ಸಾಲ ತಡೆದರೆಂದು ಅವರ ಮೇಲೆ ಮುನಿಯಬೇಡಿ. ಆ ಕಾಗದವನ್ನು ಈಗಲೇ ಹುಡುಕಿಸಿ, ಸಹಿ ಹಾಕಬೇಕಾದ ಅತ್ತೆಯೋ ಚಿಕ್ಕಪ್ಪನೋ ಬದುಕಿರುವಾಗಲೇ ಹಾಕಿಸಿ. ಅಜ್ಜನ ಕಾಲದ ಮೂಲಪ್ರತಿ ಬ್ಯಾಂಕಿಗೆ ಒಪ್ಪಿಸುವಾಗ ರಶೀದಿ ಪಡೆಯಲು ಮರೆಯಬೇಡಿ.